ಬೈಪಾಸ್ ಆದ ಮೇಲಿನ ವರ್ಷಗಳು: ತೆಂಗಿನ ಸೀಮೆಯ ವೈದ್ಯನೊಬ್ಬನ ಅನುಭವದ ಪಾಠಗಳು

ಬೈಪಾಸ್ ಆಪರೇಷನ್ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಆಗ ಜೋಡಿಸಿದ ರಕ್ತನಾಳ ಎಷ್ಟು ವರ್ಷ ತೆರೆದಿರುತ್ತದೆ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು ಊರಿಗೆ ಮರಳಿದ ಮೇಲೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ರೋಗಿಗಳನ್ನು ನೋಡುತ್ತ ಬಂದ ಫಿಸಿಷಿಯನ್ ಆಗಿ ನಾನು ಕಂಡುಕೊಂಡ ಮುಖ್ಯ ಸಂಗತಿ ಇದೇ.

2003ರಲ್ಲಿ ಯಶಸ್ವಿನಿ ಯೋಜನೆ ಬಂದಾಗ ಸಹಕಾರ ಸಂಘದ ಸದಸ್ಯರಾದ ರೈತರಿಗೂ ಹೃದಯದ ಆಪರೇಷನ್ ಕೈಗೆಟುಕಿತು. ಜಯದೇವ ಹೃದ್ರೋಗ ಸಂಸ್ಥೆ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಪರಿಚಿತ ಹೆಸರಾಯಿತು. ಹೀಗೆ ಬೈಪಾಸ್ ಮಾಡಿಸಿಕೊಂಡು ಬಂದವರಲ್ಲಿ ಅನೇಕರು ಈಗಲೂ ತೋಟ ನೋಡಿಕೊಳ್ಳುತ್ತಿದ್ದಾರೆ, ಮಂಡಿಗೆ ಕೊಬ್ಬರಿ ತರುತ್ತಿದ್ದಾರೆ. ಅವರೊಳಗಿನ ಗ್ರಾಫ್ಟ್‌ಗಳಿಗೆ, ಅಂದರೆ ಆಗ ಜೋಡಿಸಿದ ರಕ್ತನಾಳಗಳಿಗೆ, ವಯಸ್ಸಾಗಿದೆ. ಅಂಥವರಿಗಾಗಿ, ಅವರ ಮನೆಯವರಿಗಾಗಿ, ತಾಲ್ಲೂಕುಗಳಲ್ಲಿ ಕೆಲಸ ಮಾಡುವ ಕಿರಿಯ ವೈದ್ಯರಿಗಾಗಿ ಈ ಪಾಠಗಳು.

1. ಕಾಲಿನ ರಕ್ತನಾಳಕ್ಕೆ ಹೃದಯದ ಕೆಲಸ ಹೊಸದು

ಕಾಲಿನ ಸಫೀನಸ್ ರಕ್ತನಾಳವನ್ನು ತೆಗೆದು ಹೃದಯಕ್ಕೆ ಜೋಡಿಸುವ ಕ್ರಮವನ್ನು 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ರೂಢಿಗೆ ತಂದವರು ಅರ್ಜೆಂಟೀನಾದ ಸರ್ಜನ್ ರೆನೆ ಫಾವಲೊರೊ. ಭಾರತದ ಮೊದಲ ಬೈಪಾಸನ್ನು 1975ರಲ್ಲಿ ಮದರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ. ಎಂ. ಚೆರಿಯನ್ ಮಾಡಿದರು. ಇಂದು ಸಾಮಾನ್ಯವಾಗಿ ಎದೆಗೂಡಿನ ಒಳಗೋಡೆಯ ಅಪಧಮನಿಯನ್ನು, ಅಂದರೆ ವೈದ್ಯರು ಲಿಮಾ ಎಂದು ಕರೆಯುವುದನ್ನು, ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಜೋಡಿಸುತ್ತಾರೆ. ಉಳಿದ ಬ್ಲಾಕ್‌ಗಳನ್ನು ದಾಟಿಸಲು ಹೆಚ್ಚಾಗಿ ಕಾಲಿನ ರಕ್ತನಾಳವನ್ನೇ ಬಳಸುತ್ತಾರೆ.

ಎರಡರ ಹಣೆಬರಹ ಬೇರೆ ಬೇರೆ. ಲಿಮಾ ಹುಟ್ಟಿನಿಂದಲೇ ಅಪಧಮನಿ. ಹತ್ತು ವರ್ಷ ಕಳೆದರೂ ಹತ್ತರಲ್ಲಿ ಸುಮಾರು ಒಂಬತ್ತು ತೆರೆದೇ ಇರುತ್ತವೆ. ಲಿಮಾ ಹಾಕಿಸಿಕೊಂಡವರು ಹೆಚ್ಚು ಕಾಲ ಬದುಕುತ್ತಾರೆಂದು ಕ್ಲೀವ್‌ಲ್ಯಾಂಡಿನ ವೈದ್ಯರು 1986ರಲ್ಲೇ ತೋರಿಸಿಕೊಟ್ಟರು. ಕಾಲಿನ ರಕ್ತನಾಳ ಹಾಗಲ್ಲ. ತೆಳ್ಳಗಿನ ಗೋಡೆಯ ಅದು ಅಶುದ್ಧ ರಕ್ತವನ್ನು ಕಡಿಮೆ ಒತ್ತಡದಲ್ಲಿ ಹೃದಯಕ್ಕೆ ಮರಳಿಸುತ್ತಿತ್ತು. ಈಗ ಪ್ರತಿ ಬಡಿತಕ್ಕೂ ಮಹಾಪಧಮನಿಯ ಪೂರ್ತಿ ಒತ್ತಡವನ್ನು ತಾಳಬೇಕು. ಕಾಲುವೆ ನೀರು ಹಾಯಿಸುವ ತೆಳು ಪೈಪನ್ನು ಬೋರ್‌ವೆಲ್ ಮೋಟರಿನ ಬಾಯಿಗೆ ಕಟ್ಟಿದಂತಾಗುತ್ತದೆ ಅದರ ಪಾಡು. ಹತ್ತು ವರ್ಷ ತುಂಬುವ ಹೊತ್ತಿಗೆ ಇಂಥ ಗ್ರಾಫ್ಟ್‌ಗಳಲ್ಲಿ ಸುಮಾರು ಅರ್ಧದಷ್ಟು ಮುಚ್ಚಿರುತ್ತವೆ ಇಲ್ಲವೇ ಚೆನ್ನಾಗಿ ಕಿರಿದಾಗಿರುತ್ತವೆ. ಇದರಲ್ಲಿ ಸರ್ಜನ್ ತಪ್ಪೇನೂ ಇರಬೇಕಾಗಿಲ್ಲ. ಆ ರಕ್ತನಾಳದ ಸ್ವಭಾವವೇ ಹಾಗೆ.

2. ಮೊದಲು ಕೇಳಬೇಕಾದದ್ದು ಆಪರೇಷನ್ ಆದ ವರ್ಷ

ಬೈಪಾಸ್ ಆದವರು ಎದೆನೋವೆಂದು ಬಂದರೆ ಸ್ಟೆತಸ್ಕೋಪ್ ಇಡುವ ಮೊದಲೇ ನಾನು ಕೇಳುವುದು, "ಆಪರೇಷನ್ ಆಗಿ ಎಷ್ಟು ದಿನ ಆಯ್ತು?" ರೋಗದ ಕಾರಣದ ಅರ್ಧ ಸುಳಿವು ಆ ಉತ್ತರದಲ್ಲೇ ಸಿಗುತ್ತದೆ.

ಮೊದಲ ತಿಂಗಳಲ್ಲಿ ಗ್ರಾಫ್ಟ್ ಮುಚ್ಚಿದರೆ ಹೆಚ್ಚಾಗಿ ಅದು ರಕ್ತ ಹೆಪ್ಪುಗಟ್ಟಿದ್ದು. ನಾಳವನ್ನು ತೆಗೆಯುವಾಗ ಒಳಪದರಕ್ಕೆ ಆದ ಪೆಟ್ಟು, ಹೊಲಿದ ಜಾಗ, ರಕ್ತ ಮುಂದೆ ಹರಿಯಲು ಜಾಗವಿಲ್ಲದಷ್ಟು ಸಣ್ಣ ನಾಳ, ಇವೆಲ್ಲ ಅಲ್ಲಿ ಕಾರಣ. ಒಂದು ತಿಂಗಳಿಂದ ಒಂದು ವರ್ಷದೊಳಗಾದರೆ, ಹೊಸ ಒತ್ತಡಕ್ಕೆ ಒಗ್ಗಿಕೊಳ್ಳಲು ಹೋಗಿ ಒಳಗೋಡೆ ದಪ್ಪವಾಗಿ ಬೆಳೆದಿರುತ್ತದೆ. ವರ್ಷಗಳು ಉರುಳಿದ ಮೇಲೆ ಬರುವುದು ಕೊಬ್ಬು ಕಟ್ಟುವ ಹಳೆಯ ಕಾಯಿಲೆಯೇ. ಆದರೆ ಗ್ರಾಫ್ಟಿನಲ್ಲಿ ಅದು ಬೇಗ ಬೆಳೆಯುತ್ತದೆ, ಉದ್ದಕ್ಕೂ ಹಬ್ಬುತ್ತದೆ, ಮೆತ್ತಗೆ ಪುಡಿಯಾಗುವಂತಿರುತ್ತದೆ. ಈ ಪುಡಿಯಾಗುವ ಗುಣವೇ ಮುಂದೆ ಸ್ಟೆಂಟ್ ಹಾಕುವವರಿಗೆ ದೊಡ್ಡ ತಲೆನೋವು.

3. ಆಪರೇಷನ್ ಕಾಗದ ಪಹಣಿಯಷ್ಟೇ ಮುಖ್ಯ

ನಮ್ಮ ಕಡೆಯ ಮನೆಗಳಲ್ಲಿ ಪಹಣಿ, ಕ್ರಯಪತ್ರ, ಪಾಸ್‌ಬುಕ್ ಎಲ್ಲ ಜೋಪಾನವಾಗಿ ಬೀರುವಿನಲ್ಲಿರುತ್ತವೆ. ಆಸ್ಪತ್ರೆಯ ಡಿಸ್‌ಚಾರ್ಜ್ ಸಮ್ಮರಿಯನ್ನು ಕೇಳಿದರೆ ಮಾತ್ರ, "ಮನೆ ಸುಣ್ಣ ಹೊಡಿಯುವಾಗ ಎಲ್ಲೋ ಹೋಯ್ತು ಸಾರ್" ಎನ್ನುತ್ತಾರೆ.

ಆ ಕಾಗದದಲ್ಲಿ ಎಷ್ಟು ಗ್ರಾಫ್ಟ್ ಹಾಕಿದ್ದಾರೆ, ಯಾವುದನ್ನು ಯಾವ ನಾಳಕ್ಕೆ ಜೋಡಿಸಿದ್ದಾರೆ ಎಂಬ ವಿವರವಿರುತ್ತದೆ. ಮುಂದೆ ಆಂಜಿಯೋಗ್ರಾಂ ಮಾಡುವ ವೈದ್ಯರು ಈ ವಿವರ ಹಿಡಿದೇ ಗ್ರಾಫ್ಟಿನ ಬಾಯಿ ಹುಡುಕುತ್ತಾರೆ. ಅದಿಲ್ಲದಿದ್ದರೆ ಮಹಾಪಧಮನಿಯ ಗೋಡೆಯುದ್ದಕ್ಕೂ ತಡಕಾಡಬೇಕು. ಹೊತ್ತು ಹೆಚ್ಚು ಹಿಡಿಯುತ್ತದೆ, ಬಣ್ಣದ ಔಷಧಿ ಹೆಚ್ಚು ಬೇಕಾಗುತ್ತದೆ, ಸಕ್ಕರೆ ಕಾಯಿಲೆಯವರ ಕಿಡ್ನಿಗೆ ಅದರಿಂದ ಹೊಡೆತ. ಡಿಸ್‌ಚಾರ್ಜ್ ಸಮ್ಮರಿ, ಆಪರೇಷನ್‌ಗೆ ಮುಂಚಿನ ಆಂಜಿಯೋ ಸಿ.ಡಿ., ಆಪರೇಷನ್ ಆದ ಮೇಲೆ ತೆಗೆದ ಒಂದು ಇಸಿಜಿ, ಈ ಮೂರನ್ನು ಒಂದು ಕವರಿನಲ್ಲಿಟ್ಟು ಪಹಣಿಯ ಜೊತೆಗೇ ಇಡಿ. ಮಗನ ಮೊಬೈಲಿನಲ್ಲಿ ಅವುಗಳ ಫೋಟೋ ಇರಲಿ. ಹಳೆಯ ಇಸಿಜಿ ಕೈಯಲ್ಲಿದ್ದರೆ ಹೊಸ ಬದಲಾವಣೆ ಯಾವುದೆಂದು ಹೇಳಲು ನನಗೆ ಎರಡು ನಿಮಿಷ ಸಾಕು.

4. ಎಲ್ಲ ಉರಿಯೂ ಗ್ಯಾಸ್ ಅಲ್ಲ

"ಬೈಪಾಸೇ ಆಗೈತಲ್ಲ ಸಾರ್, ಇದು ಗ್ಯಾಸೇ ಇರ್ಬೇಕು." ಈ ನಂಬಿಕೆಯಿಂದ ಕಳೆದುಹೋಗುವ ದಿನಗಳು ತುಂಬಾ ಬೆಲೆಯುಳ್ಳವು. ತೋಟದಲ್ಲಿ ನಡೆದಾಗ ಬಂದು, ನಿಂತರೆ ಇಳಿಯುವ ಬಿಗಿತ ಅಂಗಡಿಯ ಗ್ಯಾಸ್ ಮಾತ್ರೆಗೆ ಹೋಗುವುದಲ್ಲ. ಮೊದಲು ಸಲೀಸಾಗಿ ನಡೆಯುತ್ತಿದ್ದ ದೂರಕ್ಕೆ ಈಗ ಎರಡು ಕಡೆ ನಿಲ್ಲಬೇಕಾಗುತ್ತದೆ ಎಂದರೆ ಅದು ಹೃದಯ ಕೊಡುತ್ತಿರುವ ಸೂಚನೆ.

ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದಿರಬಹುದು. ಅವರು ಹೇಳುವುದು ಏದುಸಿರು, ಬೆವರು, ಕಾರಣವಿಲ್ಲದ ಸುಸ್ತು. ಹೆಂಗಸರಂತೂ ಇದನ್ನು ಹೇಳುವುದೇ ಇಲ್ಲ. ಹೊಲ, ಹಸು, ಅಡುಗೆ ಮುಗಿಸಿ ಬಂದು ಕುಳಿತಾಗ, "ಯಾಕೋ ಕೈಲಾಗ್ತಿಲ್ಲ ಕಣಪ್ಪ" ಎಂದಷ್ಟೇ ಅನ್ನುತ್ತಾರೆ. ಬೈಪಾಸ್ ಆದ ತಾಯಿ ಹಾಗಂದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕದೆ ಅದೇ ವಾರ ಇಸಿಜಿ, ಎಕೋ ಮಾಡಿಸಿ ಎಂದು ಮಕ್ಕಳಿಗೆ ಹೇಳುತ್ತೇನೆ. ಅನುಮಾನ ಉಳಿದರೆ ಸಿ.ಟಿ. ಆಂಜಿಯೋ ಒಳ್ಳೆಯ ದಾರಿ. ಗ್ರಾಫ್ಟ್‌ಗಳು ಹೃದಯದ ಸ್ವಂತ ನಾಳಗಳಿಗಿಂತ ದಪ್ಪ, ಅಲುಗಾಟ ಕಡಿಮೆ. ಹಾಗಾಗಿ ಅದರಲ್ಲಿ ಚೆನ್ನಾಗಿ ಕಾಣುತ್ತವೆ. ಅದಕ್ಕೆ ಮೊದಲು ಕಿಡ್ನಿಯ ಸ್ಥಿತಿ ತಿಳಿಯಲು ರಕ್ತದ ಕ್ರಿಯಾಟಿನಿನ್ ನೋಡಲೇಬೇಕು.

5. ಬಿ.ಪಿ.ಯನ್ನು ಎರಡೂ ತೋಳಿನಲ್ಲಿ ನೋಡಿ

ಇದು ಕಿರಿಯ ವೈದ್ಯರಿಗೆ. ಲಿಮಾಕ್ಕೆ ರಕ್ತ ಬರುವುದು ಎಡಗೈಗೆ ಹೋಗುವ ದೊಡ್ಡ ನಾಳದ ಕವಲಿನಿಂದ. ಆ ದೊಡ್ಡ ನಾಳವೇ ಬುಡದಲ್ಲಿ ಕಿರಿದಾದರೆ, ಗ್ರಾಫ್ಟ್ ಚೆನ್ನಾಗಿದ್ದರೂ ಹೃದಯಕ್ಕೆ ರಕ್ತ ಸಾಲದು. ಎಡಗೈಯಲ್ಲಿ ಭಾರದ ಕೆಲಸ ಮಾಡುವಾಗ ಕೈ ರಕ್ತವನ್ನು ತನ್ನತ್ತ ಸೆಳೆದು ಎದೆ ಬಿಗಿಯುವುದೂ ಉಂಟು. ಮಟ್ಟೆ ಸುಲಿಯುವಾಗ ಎದೆ ಹಿಡಿಯುತ್ತದೆ, ನಡೆದರೆ ಏನೂ ಆಗುವುದಿಲ್ಲ ಎನ್ನುವವರಲ್ಲಿ ಇದನ್ನು ನೆನೆಯಬೇಕು.

ಪತ್ತೆಗೆ ಬೇಕಾದದ್ದು ಬಿ.ಪಿ. ಯಂತ್ರ ಮಾತ್ರ. ಎಡ ತೋಳಿನ ಮೇಲಿನ ಅಂಕಿ ಬಲಕ್ಕಿಂತ 15ರಿಂದ 20ರಷ್ಟು ಕಡಿಮೆ ಇದ್ದರೆ ಮುಂದಿನ ಪರೀಕ್ಷೆಗೆ ಕಳಿಸಬೇಕು. ಆ ನಾಳಕ್ಕೆ ಒಂದು ಸ್ಟೆಂಟ್ ಹಾಕಿದರೆ ಎಷ್ಟೋ ಸಲ ಹೃದಯವನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

6. ಎಲ್‌ಡಿಎಲ್ ಅಂಕಿ ರೋಗಿಗೆ ಬಾಯಿಪಾಠ ಆಗಿರಬೇಕು

ಕೊಬ್ಬರಿ ಧಾರಣೆ ಎಷ್ಟೆಂದು ಕೇಳಿದರೆ ನಮ್ಮ ರೋಗಿಗಳು ಥಟ್ಟನೆ ಹೇಳುತ್ತಾರೆ. ತಮ್ಮ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಎಷ್ಟೆಂದು ಹೇಳಬಲ್ಲವರು ಕಡಿಮೆ. ಅದನ್ನೂ ಹಾಗೇ ನೆನಪಿಟ್ಟುಕೊಳ್ಳಿ ಎಂದು ನಾನು ಬಿಡದೆ ಹೇಳುತ್ತೇನೆ.

ಇದಕ್ಕೆ ಬಲವಾದ ಆಧಾರವಿದೆ. ಅಮೆರಿಕದಲ್ಲಿ ಬೈಪಾಸ್ ಆದ 1,351 ಜನರ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿನ ಎಲ್‌ಡಿಎಲ್ ಅನ್ನು 100ರ ಕೆಳಗೆ ಇಳಿಸಿದರು. ಇನ್ನೊಂದು ಗುಂಪಿನಲ್ಲಿ ಅದು 130ರ ಮೇಲಿತ್ತು. ಮೊದಲ ಗುಂಪಿನ ಗ್ರಾಫ್ಟ್‌ಗಳಲ್ಲಿ ನೂರಕ್ಕೆ 27ರಲ್ಲಿ ಕಾಯಿಲೆ ಮುಂದುವರಿದಿತ್ತು, ಎರಡನೆಯದರಲ್ಲಿ 39ರಲ್ಲಿ. ಇಂದಿನ ಗುರಿ ಇನ್ನೂ ಕೆಳಗೆ: 70ರ ಒಳಗಂತೂ ಬರಲೇಬೇಕು, 55ರ ಒಳಗೆ ಬಂದರೆ ಮತ್ತೂ ಒಳ್ಳೆಯದು. ಅಟೊರ್ವಾಸ್ಟಾಟಿನ್ ಅಥವಾ ರೋಸುವಾಸ್ಟಾಟಿನ್ ಪೂರ್ಣ ಪ್ರಮಾಣದಲ್ಲಿ ಕೊಟ್ಟೂ ಗುರಿ ಮುಟ್ಟದಿದ್ದರೆ ಎಜೆಟಿಮೈಬ್ ಸೇರಿಸಬೇಕು. "ಕೊಲೆಸ್ಟ್ರಾಲ್ ನಾರ್ಮಲ್ ಬಂತು, ಮಾತ್ರೆ ಬಿಟ್ಟೆ" ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ನಾರ್ಮಲ್ ಬಂದದ್ದು ಮಾತ್ರೆಯಿಂದ.

ಬೀಡಿಯ ಬಗ್ಗೆ ಎರಡು ಮಾತಿಲ್ಲ. ಬೈಪಾಸ್ ಆದ ಮೇಲೂ ಸೇದುವವರ ಗ್ರಾಫ್ಟ್ ಬೇಗ ಹಾಳಾಗುತ್ತದೆ. ಹೊಗೆಸೊಪ್ಪು ಸೇರಿಸಿದ ಎಲೆಅಡಿಕೆಯೂ ಹೃದಯಕ್ಕೆ ಕೇಡು.

7. ಮಾತ್ರೆ ನಿಲ್ಲುವುದು ಎರಡು ಕಾರಣಕ್ಕೆ

ಒಂದು ದುಡ್ಡು. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಧಾರಣೆ ಕುಸಿದಿತ್ತು. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿಸಿದ ಕಾಯಿಗೆ ಖರ್ಚೂ ಗಿಟ್ಟದಾಗ ಮನೆಯಲ್ಲಿ ಮೊದಲು ಕತ್ತರಿ ಬೀಳುವುದು ಯಜಮಾನರ ಮಾತ್ರೆಗೆ. ಈ ಸೀಮೆಯಲ್ಲಿ ಕೆಲಸ ಮಾಡುವ ವೈದ್ಯ ಧಾರಣೆಯ ಕಡೆಗೂ ಕಣ್ಣಿಟ್ಟಿರಬೇಕು. ಧಾರಣೆ ಬಿದ್ದ ವರ್ಷ ಚೀಟಿಯನ್ನು ಇನ್ನೊಮ್ಮೆ ನೋಡಿ, ಬೇಡವಾದ ಟಾನಿಕ್ಕು, ವಿಟಮಿನ್ ತೆಗೆದುಹಾಕಿ, ಆಸ್ಪಿರಿನ್, ಸ್ಟಾಟಿನ್, ಬಿ.ಪಿ. ಮತ್ತು ಸಕ್ಕರೆಯ ಮಾತ್ರೆಗಳನ್ನು ಜನೌಷಧಿ ಕೇಂದ್ರದಲ್ಲಿ ಸಿಗುವ ಹೆಸರಿನಲ್ಲೇ ಬರೆಯಬೇಕು. ಗುಣ ಒಂದೇ, ಖರ್ಚು ಬಹಳ ಕಡಿಮೆ.

ಇನ್ನೊಂದು ಕಾರಣ ಹಲ್ಲು. ಹಲ್ಲು ಕೀಳಿಸಲು, ಕಣ್ಣಿನ ಪೊರೆ ತೆಗೆಸಲು ಹೋದವರು ರಕ್ತ ತೆಳು ಮಾಡುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿ, ಮತ್ತೆ ಶುರು ಮಾಡುವುದನ್ನೇ ಮರೆಯುತ್ತಾರೆ. ಬೈಪಾಸ್ ಆದವರಿಗೆ ಆಸ್ಪಿರಿನ್ ಜೀವನಪರ್ಯಂತ. ಹೊಸದಾಗಿ ಸ್ಟೆಂಟ್ ಬಿದ್ದಿದ್ದರೆ ಎರಡನೆಯ ಮಾತ್ರೆಯೂ ವೈದ್ಯರು ಹೇಳಿದ ಅವಧಿ ಮುಗಿಯುವವರೆಗೆ ಬೇಕು. ಹೃದಯದ ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಬಾರದು.

8. ತೆಂಗಿನ ಬಗ್ಗೆ ನೇರವಾಗಿ ಮಾತಾಡಿ

ತೆಂಗನ್ನೇ ನಂಬಿ ಬದುಕುವ ಜನರಿಗೆ "ತೆಂಗು ಮುಟ್ಟಬೇಡಿ" ಎಂದು ಹೇಳಿ ಕಳಿಸಿದರೆ ಅವರು ಆ ಮಾತನ್ನೂ ಕೇಳುವುದಿಲ್ಲ, ವೈದ್ಯರು ಹೇಳುವ ಉಳಿದದ್ದನ್ನೂ ಕೇಳುವುದಿಲ್ಲ. ಸಾರಿಗೆ ಒಂದು ಹಿಡಿ ಹಸಿ ಕಾಯಿತುರಿ ಯಾರ ಗ್ರಾಫ್ಟನ್ನೂ ಮುಚ್ಚಿಸುವುದಿಲ್ಲ. ಒಣ ಕೊಬ್ಬರಿಯ ಲೆಕ್ಕ ಬೇರೆ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ, ಆ ಎಣ್ಣೆಯಲ್ಲಿ ಬಹುಪಾಲು ಸ್ಯಾಚುರೇಟೆಡ್ ಕೊಬ್ಬು. ಬೇರೆ ಅಡುಗೆ ಎಣ್ಣೆಗಳ ಬದಲು ಕೊಬ್ಬರಿ ಎಣ್ಣೆ ಬಳಸಿದರೆ ಎಲ್‌ಡಿಎಲ್ ಏರುತ್ತದೆ ಎಂಬುದು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಸ್ಪಷ್ಟವಾಗಿದೆ. ಕೊಬ್ಬರಿ ಬೆಲ್ಲ ಹಬ್ಬಕ್ಕಿರಲಿ, ದಿನದ ಅಭ್ಯಾಸವಾಗದಿರಲಿ.

ಎಳನೀರಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 100 ಮಿ.ಲೀ. ಎಳನೀರಿನಲ್ಲಿ ಸುಮಾರು 200 ಮಿ.ಗ್ರಾಂ. ಅಥವಾ ಅದಕ್ಕೂ ಹೆಚ್ಚು ಪೊಟ್ಯಾಷಿಯಂ ಇರುತ್ತದೆ. ಆರೋಗ್ಯವಂತರಿಗೆ ಅದರಿಂದ ತೊಂದರೆಯಿಲ್ಲ. ಆದರೆ ಬೈಪಾಸ್ ಆದವರಲ್ಲಿ ಅನೇಕರು ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರನೊಲ್ಯಾಕ್ಟೋನ್‌ನಂಥ ಮಾತ್ರೆಗಳಲ್ಲಿರುತ್ತಾರೆ. ಇವು ಮೊದಲೇ ಪೊಟ್ಯಾಷಿಯಂ ಅನ್ನು ದೇಹದಲ್ಲಿ ಹಿಡಿದಿಡುತ್ತವೆ. ಕಿಡ್ನಿಯೂ ಸೋತಿದ್ದು, ಬೇಸಿಗೆಯಲ್ಲಿ ದಿನಕ್ಕೆ ಎರಡು ಮೂರು ಎಳನೀರು ಕುಡಿದರೆ ಹೃದಯದ ಬಡಿತವೇ ಅಪಾಯಕಾರಿಯಾಗಿ ತಪ್ಪಬಹುದು. "ಎಳನೀರು ತಂಪು, ಒಳ್ಳೇದು" ಎಂಬ ಮಾತು ಈ ರೋಗಿಗಳಿಗೆ ಹೊಂದುವುದಿಲ್ಲ. ನಿಮ್ಮ ಮಾತ್ರೆಯ ಚೀಟಿ ಮತ್ತು ರಕ್ತದ ವರದಿ ತೋರಿಸಿ, ಎಷ್ಟು ಕುಡಿಯಬಹುದೆಂದು ಕೇಳಿ ತಿಳಿದುಕೊಳ್ಳಿ.

9. ಗ್ರಾಫ್ಟ್ ಕಿರಿದಾದರೆ ದಾರಿಗಳು ನಾಲ್ಕು

ಆಂಜಿಯೋದಲ್ಲಿ ಗ್ರಾಫ್ಟ್ ಶೇಕಡ 80 ಬ್ಲಾಕ್ ಎಂದು ಗೊತ್ತಾದೊಡನೆ ಮನೆಯವರು ಕೇಳುವುದು, "ಸ್ಟಂಟ್ ಹಾಕಿಸಿಬಿಡೋಣವಾ?" ಉತ್ತರ ಅಷ್ಟು ಸರಳವಲ್ಲ.

ಮೊದಲನೆಯ ದಾರಿ ಮಾತ್ರೆ. ತೊಂದರೆ ಕಡಿಮೆಯಿದ್ದು, ಲಿಮಾ ಚೆನ್ನಾಗಿದ್ದು, ಹೃದಯದ ಪಂಪಿಂಗ್ ಸರಿಯಿದ್ದರೆ ಔಷಧಿಯನ್ನು ಬಿಗಿಮಾಡಿ ಕಾಯಬಹುದು. ಬಹಳ ಕಾಲದಿಂದ ಪೂರ್ತಿ ಮುಚ್ಚಿಹೋಗಿರುವ ಗ್ರಾಫ್ಟನ್ನು ಬಲವಂತವಾಗಿ ತೆರೆಯಬಾರದೆಂದೇ ಮಾರ್ಗಸೂಚಿಗಳು ಹೇಳುತ್ತವೆ. ತೆರೆದರೂ ಅದು ನಿಲ್ಲುವುದು ಕಷ್ಟ, ಅಪಾಯ ಹೆಚ್ಚು.

ಎರಡನೆಯದು, ಗ್ರಾಫ್ಟನ್ನು ಬಿಟ್ಟು ಹೃದಯದ ಸ್ವಂತ ನಾಳವನ್ನೇ ತೆರೆಯುವುದು. ಬೈಪಾಸ್‌ಗೆ ಕಾರಣವಾದ ಹಳೆಯ ಬ್ಲಾಕ್ ಅಲ್ಲಿ ಇದ್ದೇ ಇರುತ್ತದೆ, ಎಷ್ಟೋ ಸಲ ಪೂರ್ತಿ ಮುಚ್ಚಿ ಸುಣ್ಣಗಟ್ಟಿರುತ್ತದೆ. ಅದನ್ನು ತೆರೆಯಲು ಪಳಗಿದ ಕೈ ಬೇಕು, ಹೊತ್ತು ಬೇಕು. ಸಾಧ್ಯವಾದರೆ ಸ್ವಂತ ನಾಳದ ಸ್ಟೆಂಟ್ ಹೆಚ್ಚು ಕಾಲ ಬಾಳಬಹುದೆಂಬುದು ಬಹಳ ವರ್ಷಗಳ ಅಭಿಪ್ರಾಯ. ಆದರೂ ಎಲ್ಲರಿಗೂ ಅದೇ ಸರಿ ಎಂಬ ನಿಯಮವಿಲ್ಲ. ಆಯಾ ರೋಗಿಯ ಆಂಜಿಯೋ ನೋಡಿಯೇ ತೀರ್ಮಾನಿಸಬೇಕು.

ಮೂರನೆಯದು ಗ್ರಾಫ್ಟಿಗೇ ಸ್ಟೆಂಟ್. ಹಿಂದೆ ಹೇಳಿದ ಪುಡಿಯಾಗುವ ಗುಣ ಇಲ್ಲಿ ಅಡ್ಡ ಬರುತ್ತದೆ. ಬಲೂನ್ ಉಬ್ಬಿಸಿದಾಗ ಒಳಗಿನ ಮೆತ್ತನೆ ಕೊಬ್ಬು, ಹೆಪ್ಪಿನ ಚೂರುಗಳು ಕಳಚಿ ಮುಂದಿನ ಸಣ್ಣ ನಾಳಗಳನ್ನು ಕಟ್ಟಿಬಿಡುತ್ತವೆ. ಸ್ಟೆಂಟ್ ತೆರೆದಿದ್ದರೂ ರಕ್ತ ಮುಂದೆ ಹರಿಯುವುದಿಲ್ಲ. ಇದನ್ನು ತಡೆಯಲು, ಚೂರುಗಳನ್ನು ಹಿಡಿದು ಹೊರತೆಗೆಯುವ ರಕ್ಷಣಾ ಸಾಧನಗಳಿವೆ. 2002ರಲ್ಲಿ ಪ್ರಕಟವಾದ ಸೇಫರ್ ಎಂಬ ಅಧ್ಯಯನದಲ್ಲಿ, ಮುಂದಿನ ನಾಳವನ್ನು ತಾತ್ಕಾಲಿಕವಾಗಿ ತಡೆದು ಚೂರುಗಳನ್ನು ಹೀರಿ ತೆಗೆಯುವ ಬಲೂನ್ ಬಳಸಿದಾಗ, ಮೊದಲ 30 ದಿನಗಳ ದೊಡ್ಡ ತೊಂದರೆಗಳು ನೂರಕ್ಕೆ 16.5ರಿಂದ 9.6ಕ್ಕೆ ಇಳಿದವು. ಎಲ್ಲ ಗ್ರಾಫ್ಟಿಗೂ ಇಂಥ ಸಾಧನ ಹೊಂದುವುದಿಲ್ಲ, ಆದರೂ "ರಕ್ಷಣಾ ಸಾಧನ ಬಳಸ್ತೀರಾ ಸಾರ್?" ಎಂದು ಕೇಳುವುದು ರೋಗಿಯ ಹಕ್ಕು. ಔಷಧಿ ಲೇಪಿಸಿದ ಸ್ಟೆಂಟೇ ಬೇಕೆಂದು ಮನೆಯವರು ಸಾಲ ಮಾಡುವುದನ್ನೂ ಕಂಡಿದ್ದೇನೆ. 2018ರ ದಿವಾ ಅಧ್ಯಯನದಲ್ಲಿ, ಕಾಲಿನ ಗ್ರಾಫ್ಟಿನ ಮಟ್ಟಿಗೆ ಒಂದು ವರ್ಷದ ಕೊನೆಗೆ ಲೇಪನದ ಸ್ಟೆಂಟಿಗೂ ಲೇಪನವಿಲ್ಲದ್ದಕ್ಕೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಸ್ಟೆಂಟಿನ ಜಾತಿಗಿಂತ, ಹಾಕಿದ ಮೇಲೆ ಮಾತ್ರೆ ತಪ್ಪದಿರುವುದೇ ದೊಡ್ಡದು.

ನಾಲ್ಕನೆಯದು ಮತ್ತೆ ಬೈಪಾಸ್. ಮೊದಲ ಸಲಕ್ಕಿಂತ ಇದರ ಅಪಾಯ ಹಲವು ಪಟ್ಟು. ಎದೆಮೂಳೆಯ ಕೆಳಗೆ ಎಲ್ಲ ಅಂಟಿಕೊಂಡಿರುತ್ತದೆ, ಮತ್ತೆ ತೆರೆಯುವಾಗ ಚೆನ್ನಾಗಿರುವ ಲಿಮಾಕ್ಕೇ ಪೆಟ್ಟಾಗಬಹುದು. ಮೊದಲ ಸಲ ಲಿಮಾ ಹಾಕಿಲ್ಲದವರಿಗೆ, ಹಲವು ಗ್ರಾಫ್ಟ್‌ಗಳು ಒಟ್ಟಿಗೆ ಕೆಟ್ಟವರಿಗೆ ಇದು ಇಂದಿಗೂ ಯೋಗ್ಯವಾದ ದಾರಿ.

ಈ ನಾಲ್ಕರಲ್ಲಿ ಯಾವುದೆಂದು ಹೃದ್ರೋಗ ತಜ್ಞರು ಮತ್ತು ಸರ್ಜನ್ ಕೂಡಿ ಹೇಳಲಿ. ತುರ್ತಿಲ್ಲದಿದ್ದರೆ ಸಿ.ಡಿ. ಹಿಡಿದು ಇನ್ನೊಬ್ಬರ ಅಭಿಪ್ರಾಯ ಕೇಳಲು ಸಂಕೋಚ ಬೇಡ.

10. ಎದೆ ಹಿಡಿದ ರಾತ್ರಿ ನೇರ ಬೆಂಗಳೂರಿಗೆ ಹೊರಡಬೇಡಿ

ತಿಪಟೂರಿನಿಂದ ಬೆಂಗಳೂರಿಗೆ ಸುಮಾರು 140 ಕಿ.ಮೀ. "ನಮ್ಮ ಡಾಕ್ಟ್ರು ಅಲ್ಲೇ ಇರೋದು" ಎಂದು ರಾತ್ರಿ ಕಾರು ಹತ್ತಿಸುವುದು ಸಹಜ, ಆದರೆ ಅಪಾಯ. ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ. 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆ ಇರುವುದೇ ಇದಕ್ಕಾಗಿ. ಅದರಡಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ಓದುತ್ತಾರೆ, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ.

ಬೈಪಾಸ್ ಆದವರು ಅಲ್ಲಿ ಮೊದಲ ಮಾತಿನಲ್ಲೇ ಆ ವಿಷಯ ಹೇಳಬೇಕು. ಗ್ರಾಫ್ಟ್ ದಪ್ಪ ನಾಳವಾದ್ದರಿಂದ ಹೆಪ್ಪೂ ದೊಡ್ಡದು, ಇಂಜೆಕ್ಷನ್ನಿಗೆ ಪೂರ್ತಿ ಕರಗದಿರುವುದು ಹೆಚ್ಚು. ಹಾಗಾಗಿ ಇಂಜೆಕ್ಷನ್ ಆದ ಮೇಲೆ ನೋವು ಇಳಿಯಿತೆಂದು ಊರಿನಲ್ಲೇ ಉಳಿಯದೆ, ಕ್ಯಾಥ್‌ಲ್ಯಾಬ್ ಇರುವ ಆಸ್ಪತ್ರೆಗೆ ಆಂಬ್ಯುಲೆನ್ಸಿನಲ್ಲಿ ಸಾಗಲೇಬೇಕು. ಆಪರೇಷನ್ ಆಗಿ ಕೆಲವೇ ವಾರ ಆಗಿದ್ದರೆ ಈ ಇಂಜೆಕ್ಷನ್ನಿನಿಂದ ರಕ್ತಸ್ರಾವದ ಭಯವಿದೆ. ಅದಕ್ಕೇ ದಿನಾಂಕ ಹೇಳುವುದು ಅಷ್ಟು ಮುಖ್ಯ.

11. ವರ್ಷಕ್ಕೊಮ್ಮೆಯಾದರೂ ಲೆಕ್ಕ ನೋಡಿ

ತೊಂದರೆ ಬಂದಾಗಷ್ಟೇ ಬರುವವರಿಗೆ ನಾನು ಕೊಡಬಹುದಾದದ್ದು ಕಡಿಮೆ. ತೊಂದರೆ ಇಲ್ಲದಾಗ ಬರುವವರಿಗೆ ಬಹಳ ಕೊಡಬಲ್ಲೆ. ವರ್ಷಕ್ಕೊಮ್ಮೆ ಎಲ್‌ಡಿಎಲ್, ಮೂರು ತಿಂಗಳ ಸರಾಸರಿ ಸಕ್ಕರೆ, ಕ್ರಿಯಾಟಿನಿನ್, ಪೊಟ್ಯಾಷಿಯಂ, ಒಂದು ಇಸಿಜಿ, ಎರಡೂ ತೋಳಿನ ಬಿ.ಪಿ., ಇಷ್ಟು ಸಾಕು. ಇದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ.

ಸರ್ಕಾರ ಬಡವರ ಆಪರೇಷನ್‌ಗೆ ಉದಾರವಾಗಿ ಹಣ ಕೊಟ್ಟಿದೆ. ಆ ಆಪರೇಷನ್ನಿನ ಫಲ ಹತ್ತಿಪ್ಪತ್ತು ವರ್ಷ ಉಳಿಯಬೇಕಾದರೆ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಬೈಪಾಸ್ ಆದವರ ಪಟ್ಟಿ ಇರಬೇಕು, ಸ್ಟಾಟಿನ್ ಮಾತ್ರೆ ಖಾಲಿಯಾಗದಂತೆ ದಾಸ್ತಾನಿರಬೇಕು, ಎಲ್‌ಡಿಎಲ್ ಪರೀಕ್ಷೆ ಅಲ್ಲೇ ಆಗಬೇಕು. ಇದು ಸ್ಟೆಂಟಿಗಿಂತ ಎಷ್ಟೋ ಅಗ್ಗ. ಆ ವ್ಯವಸ್ಥೆ ಬರುವವರೆಗೆ ಕೆಲಸ ನಮ್ಮದೇ: ವೈದ್ಯರು ಕೇಳಬೇಕು, ಮನೆಯವರು ನೆನಪಿಸಬೇಕು, ರೋಗಿ ಮಾತ್ರೆ ಬಿಡಬಾರದು.